ಕೊನೆಯ ಒಬ್ಬೆ ಕೋಡುಬಳೆ

ತುಮಕೂರಿನ ನಮ್ಮ ತಿಂಡಿ ಫ್ಯಾಕ್ಟರಿ 2025ರ ಮಾರ್ಚ್ 31ಕ್ಕೆ ಮುಚ್ಚಿತು. 1978ರಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಶುರು ಮಾಡಿದ್ದು. ಮುಚ್ಚಿದ ಮೇಲೆ ತುಂಬಾ ಫೋನ್ ಬಂದವು. ಬೇಕರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು, ಚಿಪ್ಸ್ ಮಾಡುವವರು. ಮೊದಲು "ಅಯ್ಯೋ, ಹೀಗಾಗಬಾರದಿತ್ತು" ಅನ್ನುತ್ತಾರೆ, ಊರಿನ ಸುದ್ದಿ ಎಲ್ಲ ಮಾತಾಡುತ್ತಾರೆ, ಫೋನ್ ಇಡುವ ಹೊತ್ತಿಗೆ ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ಲೇಬರ್ ಲೆಕ್ಕ ಹೇಗೆ ಮುಗಿಸಿದ್ರಿ? ಜಿಎಸ್‌ಟಿ ಏನು ಮಾಡಿದ್ರಿ?" ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಅರ್ಥವಾಗುತ್ತದೆ. ಒಂದು ವರ್ಷದ ಹಿಂದೆ ನಾನೂ ಹೀಗೇ ಯಾರನ್ನಾದರೂ ಕೇಳಬೇಕು ಅಂತಿದ್ದೆ. ಕೇಳೋಕೆ ಯಾರೂ ಇರಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ನಮ್ಮದು ದೊಡ್ಡ ಕಂಪನಿ ಏನಲ್ಲ, ಪಾಲುದಾರಿಕೆ ಸಂಸ್ಥೆ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಖಾರ ಬೂಂದಿ, ಓಂಪುಡಿ, ಅವಲಕ್ಕಿ ಮಿಕ್ಸ್ಚರ್, ಕಾಂಗ್ರೆಸ್ ಕಡ್ಲೆಕಾಯಿ ಮಾಡುತ್ತಿದ್ದೆವು. ಕಡ್ಲೆಕಾಯಿ ಪಾವಗಡ, ಶಿರಾ ಕಡೆಯಿಂದ ಬರುತ್ತಿತ್ತು. ಮೊದಲೆಲ್ಲ ಎಣ್ಣೆಯೂ ಚಳ್ಳಕೆರೆಯ ಕಡ್ಲೆಕಾಯಿ ಎಣ್ಣೆಯೇ. ಬೆಲೆ ಏರುತ್ತಾ ಹೋದಂತೆ 90ರ ದಶಕದಲ್ಲಿ ಪಾಮೋಲಿನ್‌ಗೆ ಬಂದೆವು. ಅಪ್ಪ ಆ ಬದಲಾವಣೆಯನ್ನು ಇವತ್ತಿಗೂ ಒಪ್ಪಿಕೊಂಡಿಲ್ಲ. ಅಂಗಡಿ ಅಂಗಡಿಗೆ ಮಾಲು ಹಾಕುವ ಎರಡು ಲೈನ್ ಗಾಡಿ ಇದ್ದವು. ಒಂದು ಗುಬ್ಬಿ, ತಿಪಟೂರು ಕಡೆ ಹೋಗುತ್ತಿತ್ತು, ಇನ್ನೊಂದು ಮಧುಗಿರಿ, ಕೊರಟಗೆರೆ ಕಡೆ. ಅಂಗಡಿಗಳಲ್ಲಿ ಐದು ರೂಪಾಯಿ ಪ್ಯಾಕೆಟ್ಟುಗಳನ್ನು ಸರ ಕಟ್ಟಿ ತೂಗುಹಾಕುತ್ತಾರಲ್ಲ, ಆ ಸರವೇ ನಮ್ಮ ವ್ಯಾಪಾರದ ಅರ್ಧ.

ಮುಚ್ಚುವಾಗ 34 ಜನ ಕೆಲಸಕ್ಕಿದ್ದರು. ಪ್ಯಾಕಿಂಗ್‌ನಲ್ಲಿದ್ದವರು ಹೆಚ್ಚಿನವರು ಹೆಂಗಸರು. ಕರಿಯುವ ಕಡೆ ಆರು ಜನ, ಅವರಿಗೆಲ್ಲ ಹಿರಿಯರು ಮಾಸ್ಟರ್. ಹುಡುಗನಾಗಿ ಪಾತ್ರೆ ತೊಳೆಯೋಕೆ ಬಂದವರು. 29 ವರ್ಷ ನಮ್ಮಲ್ಲೇ ಇದ್ದರು.

ಯಾಕೆ ಮುಚ್ಚಬೇಕಾಯ್ತು ಅಂತ ಎಲ್ಲರೂ ಒಂದೇ ಕಾರಣ ಕೇಳುತ್ತಾರೆ. ಒಂದೇ ಅಂತ ಇಲ್ಲ. ಆದರೆ ಲೆಕ್ಕದ ಪುಸ್ತಕ ತೆಗೆದರೆ ಮೊದಲು ಕಾಣುವುದು ಎಣ್ಣೆ. ಕರಿದ ತಿಂಡಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತು, ಒಂದು ತಿಂಗಳೂ ಪೂರ್ತಿ ಆಗಲಿಲ್ಲ. ಆದರೆ ಆ ದಿನಗಳಲ್ಲಿ ನಾವು ಟಿನ್‌ಗೆ ಕೊಟ್ಟ ದುಡ್ಡು ಮತ್ತೆ ವಾಪಸ್ ಬರಲಿಲ್ಲ, ಯಾಕೆಂದರೆ ಐದು ರೂಪಾಯಿ ಪ್ಯಾಕೆಟ್ಟನ್ನು ಆರು ರೂಪಾಯಿ ಮಾಡೋಕೆ ಆಗುವುದಿಲ್ಲ. ಮಗು ಕೈಯಲ್ಲಿ ಐದು ರೂಪಾಯಿ ನಾಣ್ಯ ಹಿಡಿದು ಅಂಗಡಿಗೆ ಬರುತ್ತದೆ. ಬೆಲೆ ಏರಿಸಲಾಗದೆ ಗ್ರಾಂ ಇಳಿಸಿದೆವು. 30 ಗ್ರಾಂ ಇದ್ದದ್ದು 25, ಆಮೇಲೆ 22, ಕೊನೆಗೆ 18. ಪ್ರತಿ ಸಲ ತೂಕ ಇಳಿಸಿದಾಗ ಕವರ್ ಮೇಲಿನ ನಿವ್ವಳ ತೂಕ ಬದಲಾಗಬೇಕು. ಅಂದರೆ ಕವರ್ ಪ್ರಿಂಟ್ ಮಾಡುವ ಹೊಸ ಸಿಲಿಂಡರ್, ಹೊಸ ಪ್ರಿಂಟ್, ಮತ್ತೆ ನೂರಾರು ಕೆಜಿ ರೋಲ್ ಆರ್ಡರ್. ಹಳೆ ರೋಲ್ ಗೋಡೌನ್‌ನಲ್ಲಿ ಹಾಗೇ ಕೂತಿರುತ್ತಿತ್ತು.

2024ರ ಸೆಪ್ಟೆಂಬರ್ 14ಕ್ಕೆ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿತು. ಕಚ್ಚಾ ಎಣ್ಣೆಗೆ ಎಲ್ಲ ಸೇರಿ ಶೇ 5.5 ಇದ್ದದ್ದು ಶೇ 27.5 ಆಯ್ತು, ರಿಫೈನ್ಡ್‌ಗೆ ಶೇ 13.75 ಇದ್ದದ್ದು ಶೇ 35.75. ಎಣ್ಣೆಕಾಳು ಬೆಳೆಯುವ ರೈತರಿಗೆ ಬೆಲೆ ಸಿಗಲಿ ಅಂತ ಮಾಡಿದ್ದು, ಅದು ತಪ್ಪು ಅಂತ ನಾನು ಹೇಳಲಾರೆ. ನಮಗೆ ಕಡ್ಲೆಕಾಯಿ ಕೊಡುತ್ತಿದ್ದವರೂ ರೈತರೇ ಅಲ್ವಾ. ಆದರೆ ದಸರಾ, ದೀಪಾವಳಿ ಮುಂದಿದ್ದವು. ನಮ್ಮ ವರ್ಷದ ಲಾಭವೆಲ್ಲ ಆ ಎರಡು ತಿಂಗಳಲ್ಲಿ ಬರಬೇಕು. ಆ ವರ್ಷ ಬರಲಿಲ್ಲ. ದೀಪಾವಳಿ ಮುಗಿದ ವಾರ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ಖಾತೆ ನೋಡಿದರೆ ಮಿತಿಯ ಅಂಚಿಗೆ ಬಂದು ನಿಂತಿತ್ತು.

ಸಂಕ್ರಾಂತಿ ದಿನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಎಳ್ಳು ಬೀರಿ ಬಂದ ಮೇಲೆ ಅಪ್ಪನೇ ಮಾತು ತೆಗೆದರು. "ಇನ್ನೊಂದು ವರ್ಷ ಎಳೆಯಬಹುದು. ಆದರೆ ಹಾಗೆ ಎಳೆದ್ರೆ ಹುಡುಗರಿಗೆ ಕೊಡೋಕೆ ಏನೂ ಉಳಿಯಲ್ಲ" ಅಂದರು. ಅಪ್ಪನಿಗೆ ಕೆಲಸದವರು ಎಲ್ಲರೂ ಹುಡುಗರೇ, 50 ದಾಟಿದವರೂ. ಚಿಕ್ಕಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಈಗಲೇ ಮುಚ್ಚಿದ್ರೆ ಎಲ್ಲರಿಗೂ ಪೂರ್ತಿ ಕೊಡಬಹುದಾ?" ಅಂತ ನನ್ನ ಕಡೆ ನೋಡಿದರು. ಲೆಕ್ಕ ನೋಡಿಕೊಳ್ಳುತ್ತಿದ್ದವಳು ನಾನು. ನನಗೆ ಗೊತ್ತಿರಲಿಲ್ಲ. ಎರಡು ವಾರ ಕೊಡಿ ಅಂದೆ.

ಆ ಎರಡು ವಾರ ನಾನು ಕಲಿತದ್ದೇ ಈ ಬರಹದ ಮುಖ್ಯ ಭಾಗ.

ಮೊದಲನೆಯದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡುವ ಹಣ. ಆಗಿನ ನಿಯಮದಂತೆ ಐದು ವರ್ಷ ಬಿಡದೆ ಕೆಲಸ ಮಾಡಿದವರಿಗೆ ಕೊಡಲೇಬೇಕಿತ್ತು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಬೇಕು. ಅದನ್ನು ಎಷ್ಟು ವರ್ಷವೋ ಅಷ್ಟರಿಂದ ಗುಣಿಸಬೇಕು. ಕೊನೆಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಉಳಿದರೆ ಅದೂ ಒಂದು ಪೂರ್ತಿ ವರ್ಷ. ಉದಾಹರಣೆಗೆ 15,000 ರೂಪಾಯಿ ವೇತನ ಇದ್ದು 29 ವರ್ಷ ಸೇವೆ ಆಗಿದ್ದರೆ ಸುಮಾರು 2,50,960 ರೂಪಾಯಿ ಆಗುತ್ತದೆ. ಎರಡನೆಯದು ಮುಚ್ಚುವಿಕೆಯ ಪರಿಹಾರ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಮತ್ತು ಒಂದು ತಿಂಗಳ ಲಿಖಿತ ನೋಟಿಸ್. ಇದು ಗ್ರಾಚ್ಯುಟಿಯ ಒಳಗೆ ಸೇರುವುದಿಲ್ಲ, ಬೇರೆಯೇ ಕೊಡಬೇಕು. ಎಷ್ಟೋ ಸಣ್ಣ ಮಾಲೀಕರು ಇವೆರಡೂ ಒಂದೇ ಅಂತ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ.

ಆ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು. ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸಂಬಳಕ್ಕೆ ಮೀರಬೇಕಿಲ್ಲ. ನಮಗೆ ಪರಿಚಯದ ಒಬ್ಬರು ಸಲಹೆಗಾರರು ಇದನ್ನೇ ಹಿಡಿಯಿರಿ ಅಂದರು, ಇಂಡೋನೇಷ್ಯಾ ನಿಮ್ಮ ಕೈಯಲ್ಲಿತ್ತಾ ಅಂತ ಕೇಳಿದರು. ನಾನು ಮನೆಗೆ ಬಂದು ಕಾಯ್ದೆ ಓದಿದೆ. ಅದೇ ಕಲಮಿನ ಕೆಳಗೆ ವಿವರಣೆ ಇತ್ತು: ಬರೀ ಹಣಕಾಸಿನ ತೊಂದರೆ, ನಷ್ಟ, ಮಾರಾಟವಾಗದ ಮಾಲು ಇವೆಲ್ಲ ಕೈಮೀರಿದ ಕಾರಣ ಅಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಸಲಹೆಗಾರರ ಮಾತು ಕೇಳಿದ್ದರೆ ನಾವು ಮಾಸ್ಟರ್‌ಗೆ 29 ವರ್ಷಕ್ಕೆ ಮೂರು ತಿಂಗಳ ಸಂಬಳ ಕೊಟ್ಟು ಕಳಿಸುತ್ತಿದ್ದೆವು.

ಕೆಲಸದವರು 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಕ್ಕೂ 60 ದಿನ ಮುಂಚೆ ತಿಳಿಸಬೇಕಿತ್ತು. ನಮಗೆ ಅದು ಬೇಕಾಗಲಿಲ್ಲ. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ಮುಚ್ಚುವವರು ನನ್ನ ಲೆಕ್ಕವನ್ನೇ ನಂಬಿ ಕೂರಬೇಡಿ, ಗೊತ್ತಿರುವವರನ್ನು ಹೊಸದಾಗಿ ಕೇಳಿ.

ಎಲ್ಲ ಕೂಡಿಸಿದಾಗ 58 ಲಕ್ಷ ಆಯ್ತು. ಗ್ರಾಚ್ಯುಟಿಗೆ ಅಂತ ಪ್ರತಿ ವರ್ಷ ಒಂದಿಷ್ಟು ಬೇರೆ ತೆಗೆದಿಡುತ್ತಿದ್ದೆವು. 2020ರಲ್ಲಿ ಲಾಕ್‌ಡೌನ್ ಆದಾಗ ಅದನ್ನು ನಿಲ್ಲಿಸಿದೆವು, ಮತ್ತೆ ಶುರು ಮಾಡಲೇ ಇಲ್ಲ. ಅದು ನಮ್ಮ ತಪ್ಪು. ಆ ನಿಧಿಯಲ್ಲಿ ಇದ್ದದ್ದು 14 ಲಕ್ಷ. ಉಳಿದದ್ದಕ್ಕೆ ಅಪ್ಪ ತಮ್ಮ ಮುಪ್ಪಿಗೆ ಅಂತ ಇಟ್ಟುಕೊಂಡಿದ್ದ ಸೈಟು ಮಾರಲು ಹೇಳಿದರು. ಅಮ್ಮನನ್ನು ಕೇಳಿದೆ. "ಅದು ಫ್ಯಾಕ್ಟರಿ ದುಡ್ಡಲ್ಲೇ ತಗೊಂಡಿದ್ದು, ಫ್ಯಾಕ್ಟರಿಗೇ ಹೋಗ್ಲಿ ಬಿಡು" ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನು ಯಾರಿಗೆ ಮೊದಲು ಹೇಳುವುದು ಅನ್ನೋ ಪ್ರಶ್ನೆ. ಇಲ್ಲಿ ನಮ್ಮಲ್ಲಿ ದೊಡ್ಡ ಜಗಳವೇ ಆಯ್ತು. ನಮ್ಮ ಲೆಕ್ಕಪರಿಶೋಧಕರು ಒಳ್ಳೆಯವರು, ನಮ್ಮ ಹಿತಕ್ಕೇ ಹೇಳಿದರು: ಅಂಗಡಿಗಳಿಂದ ಬರಬೇಕಾದ ಬಾಕಿ ಪೂರ್ತಿ ವಸೂಲಿ ಆಗುವವರೆಗೆ ಬಾಯಿ ಬಿಡಬೇಡಿ. ಲೈನ್ ಸೇಲ್ ಮಾಡಿದವರಿಗೆಲ್ಲ ಇದು ಗೊತ್ತು. ಅಂಗಡಿಯವರು ಹಳೆ ಬಾಕಿ ಕೊಡುವುದು ಮುಂದಿನ ವಾರದ ಮಾಲು ಬರಲಿ ಅಂತ. ಮುಂದೆ ಮಾಲು ಬರಲ್ಲ ಅಂತ ಗೊತ್ತಾದರೆ ಯಾಕೆ ಕೊಡುತ್ತಾರೆ? ಕಡ್ಲೆಹಿಟ್ಟು, ಎಣ್ಣೆ ಕೊಡುವವರು ಮಾತ್ರ ಮರುದಿನವೇ ಬಾಗಿಲಲ್ಲಿ ನಿಲ್ಲುತ್ತಾರೆ. ಲೆಕ್ಕಪರಿಶೋಧಕರ ಮಾತು ದುಡ್ಡಿನ ದೃಷ್ಟಿಯಿಂದ ಸರಿಯೇ.

ಆದರೆ ಗುಟ್ಟು ಇಡಬೇಕಾದರೆ ಕೆಲಸದವರಿಂದಲೂ ಇಡಬೇಕು. ಲೈನ್ ಗಾಡಿ ಡ್ರೈವರ್‌ಗೆ ಹೇಳಿದರೆ ಸಂಜೆಯೊಳಗೆ ಗುಬ್ಬಿ ಬಸ್‌ಸ್ಟ್ಯಾಂಡಿಗೆ ಸುದ್ದಿ ಮುಟ್ಟುತ್ತದೆ. ಫೆಬ್ರುವರಿ, ಮಾರ್ಚ್ ಅಂದರೆ ಎಲ್ಲರ ಮನೆಯಲ್ಲೂ ಮುಂದಿನ ವರ್ಷದ ಶಾಲೆ ಫೀಸಿನ ಯೋಚನೆ. ಪ್ಯಾಕಿಂಗ್‌ನ ಒಬ್ಬ ಅಕ್ಕ ಅದೇ ತಿಂಗಳು ಮಗಳ ಮದುವೆಗೆ ಸಾಲ ತೆಗೆಯಲು ನಮ್ಮಿಂದ ಸಂಬಳದ ಪತ್ರ ಕೇಳಿದ್ದರು. ನಾನು ಆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಎರಡು ತಿಂಗಳಲ್ಲಿ ನಿಲ್ಲುವ ಸಂಬಳ ಅಂತ ಗೊತ್ತಿದ್ದೂ ಸಹಿ ಹಾಕೋದು ಹೇಗೆ? ಆ ಕಾಗದ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು. ನಾಲ್ಕನೇ ದಿನ ಅಪ್ಪನಿಗೆ ಹೇಳಿದೆ, ಮೊದಲು ಕೆಲಸದವರಿಗೇ ಹೇಳೋಣ, ಬಾಕಿ ಬಂದಷ್ಟು ಬರಲಿ.

ಫೆಬ್ರುವರಿ 17, ಸೋಮವಾರ. ಬೆಳಗ್ಗೆ ಒಲೆ ಹಚ್ಚುವ ಮುಂಚೆ ಎಲ್ಲರನ್ನೂ ಪ್ಯಾಕಿಂಗ್ ಹಾಲ್‌ನಲ್ಲಿ ಕೂರಿಸಿದೆವು. ಅಪ್ಪ ಮಾತಾಡಬೇಕು ಅಂತ ಇತ್ತು. ಎದ್ದು ನಿಂತರು, "ನೋಡ್ರಪ್ಪಾ" ಅಂದರು, ಅಲ್ಲಿಗೆ ನಿಂತಿತು. ಚಿಕ್ಕಪ್ಪ ಮುಂದುವರಿಸಿದರು. ಯಾವ ದಿನ ನಿಲ್ಲುತ್ತದೆ, ಯಾಕೆ, ಯಾರಿಗೆ ಎಷ್ಟು ಸಿಗುತ್ತದೆ, ಯಾವ ದಿನ ಸಿಗುತ್ತದೆ. ಪ್ರತಿಯೊಬ್ಬರ ಲೆಕ್ಕವನ್ನೂ ಬೇರೆಬೇರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹೇಗೆ ಗುಣಿಸಿದೆವು ಅನ್ನೋದನ್ನೂ ಹಾಕಿ, ಕವರ್‌ನಲ್ಲಿ ಕೈಗೆ ಕೊಟ್ಟೆವು. ಅದು ನನ್ನ ಹಟ. ಮುಚ್ಚುತ್ತೇವೆ ಅನ್ನೋ ಮಾತು ಮತ್ತು ಇಷ್ಟು ಕೊಡುತ್ತೇವೆ ಅನ್ನೋ ಮಾತು ಒಂದೇ ದಿನ, ಒಂದೇ ಹೊತ್ತಿನಲ್ಲಿ ಬರಬೇಕು. ಮಧ್ಯೆ ಒಂದು ರಾತ್ರಿ ಬಂದರೂ ಆ ರಾತ್ರಿ 34 ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.

ಯಾರೂ ಕೂಗಾಡಲಿಲ್ಲ. ಅದೇ ನನಗೆ ಜಾಸ್ತಿ ಕಷ್ಟವಾಯ್ತು. ಸ್ವಲ್ಪ ಹೊತ್ತಿನ ಮೇಲೆ ಮಾಸ್ಟರ್ ಕೇಳಿದರು, "ಯಜಮಾನ್ರೆ, ಇವತ್ತಿನ ಹಿಟ್ಟು ಕಲೆಸಿದ್ದೀವಿ. ಒಲೆ ಹಚ್ಲಾ?" ಅಪ್ಪ ತಲೆ ಆಡಿಸಿದರು. ಅವತ್ತು ಎಂದಿನಂತೆ 180 ಕೆಜಿ ಆಯ್ತು.

ಬಾಕಿಯ ವಿಷಯದಲ್ಲಿ ಲೆಕ್ಕಪರಿಶೋಧಕರು ಹೇಳಿದಂತೆಯೇ ಆಯ್ತು. ಹತ್ತು ದಿನದಲ್ಲಿ ಎಲ್ಲ ಕಡೆ ಸುದ್ದಿ ಹರಡಿತು. ಕೆಲವು ಅಂಗಡಿಯವರು ತಾವಾಗಿಯೇ ಫೋನ್ ಮಾಡಿ ಬಾಕಿ ಚುಕ್ತಾ ಮಾಡಿದರು. ಮಧುಗಿರಿ ಹತ್ತಿರದ ಒಂದು ಹಳ್ಳಿಯ ಅಜ್ಜಿ, ಪೆಟ್ಟಿಗೆ ಅಂಗಡಿ ಅವರದು, 340 ರೂಪಾಯಿ ಬಾಕಿಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ದೊಡ್ಡ ಅಂಗಡಿಗಳಲ್ಲಿ ಕೆಲವು ಫೋನ್ ಎತ್ತುವುದನ್ನೇ ಬಿಟ್ಟವು. ಹಳೆ ಮಾಲು ವಾಪಸ್ ಅಂತ ಹೇಳಿ ಕೆಲವರು ಲೆಕ್ಕ ಮುರಿದರು. ಕೊನೆಗೆ 6 ಲಕ್ಷ 40 ಸಾವಿರ ಬರಲೇ ಇಲ್ಲ, ಇನ್ನು ಬರುವುದೂ ಇಲ್ಲ. ಈಗ ಮತ್ತೆ ಅದೇ ಪರಿಸ್ಥಿತಿ ಬಂದರೂ ನಾನು ಅದೇ ಕ್ರಮದಲ್ಲೇ ಮಾಡುತ್ತೇನೆ. ಇದನ್ನು ಕೇಳಿ ಫೋನ್ ಮಾಡಿದವರಲ್ಲಿ ಕೆಲವರು ಸುಮ್ಮನಾಗುತ್ತಾರೆ. ಅವರಿಗೆ ಆ 6 ಲಕ್ಷವೇ ದೊಡ್ಡದಿರಬಹುದು, ಅದನ್ನೂ ತಪ್ಪು ಅನ್ನಲಾರೆ. ಸಂಬಳದ ಪತ್ರ ಕೇಳಿದ ಆ ಅಕ್ಕ ಸಾಲ ತೆಗೆಯಲಿಲ್ಲ. ಮದುವೆಯನ್ನು ದೇವಸ್ಥಾನದಲ್ಲಿ ಮಾಡಿದರು. ನಾವೆಲ್ಲ ಹೋಗಿದ್ದೆವು.

ಪಿಎಫ್ ಬಗ್ಗೆ ಒಂದು ಎಚ್ಚರಿಕೆ. ಪೋರ್ಟಲ್‌ನಲ್ಲಿ ಪ್ರತಿಯೊಬ್ಬರಿಗೂ ಕೆಲಸ ಬಿಟ್ಟ ದಿನಾಂಕ ಹಾಕಬೇಕು. ಅದು ಹಾಕದೆ ಮಾಲೀಕರು ಬೀಗ ಹಾಕಿಕೊಂಡು ಹೋದರೆ ಕೆಲಸದವರು ತಮ್ಮದೇ ದುಡ್ಡಿಗೆ ಅಲೆಯಬೇಕಾಗಬಹುದು. ಇನ್ನೊಂದು ತೊಂದರೆ ಹೆಸರುಗಳದ್ದು. ಪಿಎಫ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮದುವೆಗೆ ಮುಂಚಿನ ಹೆಸರು, ಗಂಡನ ಹೆಸರು ಸೇರಿದ ಹೆಸರು, ಇನಿಷಿಯಲ್ ಹಿಂದೆಮುಂದೆ ಆದದ್ದು. ನಮ್ಮ 34 ಜನರಲ್ಲಿ 21 ಜನರದ್ದು ಹೀಗಿತ್ತು. ತಿದ್ದುಪಡಿಗೆ ಎಷ್ಟೋ ಸಲ ಮಾಲೀಕರ ಒಪ್ಪಿಗೆಯೂ ಬೇಕಾಗುತ್ತದೆ, ಆದ್ದರಿಂದ ಮಾರ್ಚ್ ತಿಂಗಳು ಪೂರ್ತಿ ದಿನಕ್ಕೆ ಇಬ್ಬಿಬ್ಬರನ್ನು ಪಕ್ಕ ಕೂರಿಸಿಕೊಂಡು ಅದನ್ನೇ ಮಾಡಿದೆ. ಹತ್ತು ವರ್ಷ ಸೇವೆ ತುಂಬಿದವರಿಗೆ ಮುಂದೆ ಪಿಂಚಣಿ ಇರುತ್ತದೆ, ಅಂಥವರು ಪಿಂಚಣಿ ಭಾಗವನ್ನು ಕಳೆದುಕೊಳ್ಳದ ಹಾಗೆ ತಿಳಿಸಿ ಹೇಳಬೇಕು. ಇಎಸ್‌ಐನಲ್ಲಿ (ಕಾರ್ಮಿಕರ ವಿಮೆ) ನಾವು ಮುಚ್ಚುವಾಗ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿತ್ತು. ಕೆಲಸ ಹೋದ ವಿಮಾದಾರರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ ಸಿಗುತ್ತಿತ್ತು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಪ್ಯಾಕಿಂಗ್ ಹುಡುಗಿಯೊಬ್ಬಳು ತನ್ನ ಫೋನ್‌ನಲ್ಲಿ ನೋಡಿ ನನಗೇ ತೋರಿಸಿದಳು.

ಮಾರ್ಚ್ 29, ಶನಿವಾರ, ಯುಗಾದಿ ಹಿಂದಿನ ದಿನ ಕೊನೆಯ ಸಲ ಒಲೆ ಹಚ್ಚಿದೆವು. ಏನು ಮಾಡುವುದು ಅಂತ ಮಾಸ್ಟರ್‌ಗೇ ಬಿಟ್ಟಿದ್ದೆವು. ಕೋಡುಬಳೆ ಅಂದರು. 1978ರಲ್ಲಿ ಶುರುವಾದದ್ದು ಅದರಿಂದಲೇ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಕೊಬ್ಬರಿ ರುಬ್ಬಿದ ಖಾರ, ಓಮ. ಹಿಟ್ಟಿಗೆ ಬಿಸಿ ಎಣ್ಣೆ ಹಾಕಿ ಕಲೆಸಬೇಕು, ಆಗಲೇ ಬಾಯಲ್ಲಿ ಕರಗುವುದು. ಬಳೆ ಸುತ್ತುವ ಕೆಲಸಕ್ಕೆ ಯಂತ್ರ ತಂದಿದ್ದೆವು, ಆದರೆ ಅವತ್ತು ಎಲ್ಲರೂ ಕೈಯಲ್ಲೇ ಸುತ್ತಿದರು. ಅಮ್ಮನೂ ಬಂದು ಕೂತರು. ಅಪ್ಪ ಬಾಣಲೆ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೆಂಕಿಯ ಝಳ ಬೇಡ ಅಂದರೂ ಕೇಳಲಿಲ್ಲ. ಕೊನೆಯ ಒಬ್ಬೆಯನ್ನು ಜಾಲರಿಯಲ್ಲಿ ಎತ್ತಿದ ಮೇಲೆ ಮಾಸ್ಟರ್ ಬರ್ನರ್ ತಿರುಗಿಸಿ ಆರಿಸಿದರು. ಎಣ್ಣೆಯ ಸದ್ದು ನಿಲ್ಲೋಕೆ ಸ್ವಲ್ಪ ಹೊತ್ತು ಹಿಡಿಯಿತು. ಆ ದಿನದ ಮಾಲು ಮಾರಲಿಲ್ಲ. ಯುಗಾದಿಗೆ ಎಲ್ಲರೂ ಎರಡೆರಡು ಕೆಜಿ ಮನೆಗೆ ಒಯ್ದರು. ಹಣ ಅವತ್ತೇ ಎಲ್ಲರ ಖಾತೆಗೆ ಹೋಗಿತ್ತು.

ಆಮೇಲಿನದ್ದು ಕಾಗದ ಮತ್ತು ಸಾಮಾನು. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಹಾಗೇ ಯಾರಿಗೋ ಮಾರುವಂತಿಲ್ಲ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಅಡುಗೆಗೆ ಬಳಸಬಾರದು ಅಂತ 2018ರ ಜುಲೈ 1ರಿಂದ ನಿಯಮ ಇದೆ. ಬಯೋಡೀಸೆಲ್‌ಗೆ ಒಯ್ಯುವವರಿಗೆ ಕೊಟ್ಟು ರಸೀದಿ ಇಟ್ಟುಕೊಂಡೆ. ಯಂತ್ರಗಳು ಬ್ಯಾಂಕಿಗೆ ಅಡವಿದ್ದವು, ಓಡಿ ತೀರಿಸಿ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಪ್ಯಾಕಿಂಗ್ ಯಂತ್ರ, ಪ್ಯಾಕೆಟ್ಟಿಗೆ ನೈಟ್ರೋಜನ್ ತುಂಬುವ ಯಂತ್ರ ಶಿರಾ ಕಡೆಯ ಒಬ್ಬರು ಒಯ್ದರು. ಕೊಂಡದ್ದರ ಕಾಲು ಭಾಗವೂ ಸಿಗಲಿಲ್ಲ.

ತುಂಬಾ ಸತಾಯಿಸಿದ್ದು ಪ್ರಿಂಟ್ ಆದ ಕವರ್ ರೋಲ್. 640 ಕೆಜಿ ಉಳಿದಿತ್ತು. ಅದರ ಮೇಲೆ ನಮ್ಮ ಹೆಸರು, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಲೈಸೆನ್ಸ್ ಸಂಖ್ಯೆ ಎಲ್ಲ ಇದೆ. ಗುಜರಿಗೆ ಹಾಗೇ ಕೊಟ್ಟರೆ ನಾಳೆ ಯಾರಾದರೂ ಏನಾದರೂ ತುಂಬಿ ನಮ್ಮ ಹೆಸರಲ್ಲಿ ಮಾರಬಹುದು. ಗುಜರಿಯವರಿಗೂ ಅದು ಬೇಡ, ಪದರದ ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಬಳಸೋಕೆ ಬರಲ್ಲ. ಕೊನೆಗೆ ರೋಲ್‌ಗಳನ್ನು ಅಡ್ಡಡ್ಡ ಕೊಯ್ದು, ಸಿಮೆಂಟ್ ಕಾರ್ಖಾನೆಯ ಒಲೆಗೆ ಕಳಿಸುವವರಿಗೆ ನಾವೇ ದುಡ್ಡು ಕೊಟ್ಟು ಒಯ್ಯಿಸಿದೆವು. ಕೊಯ್ಯುವ ಕೆಲಸಕ್ಕೆ ನಾನು, ಚಿಕ್ಕಪ್ಪ ಇಬ್ಬರೇ. ಎರಡು ದಿನ ಹಿಡಿಯಿತು.

ಜಿಎಸ್‌ಟಿ ನೋಂದಣಿ ರದ್ದಿಗೆ ಅರ್ಜಿ ಹಾಕಿದರೆ ಮುಗಿಯಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಮುಗಿಯಲ್ಲ. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನೋ ಕೊನೆಯ ರಿಟರ್ನ್ ಕೊಡಬೇಕು. ಮಾರದೆ ಉಳಿದ ಮಾಲು, ಕಚ್ಚಾ ಸಾಮಾನು, ಯಂತ್ರ ಇವುಗಳ ಮೇಲೆ ಮುಂಚೆ ತೆಗೆದುಕೊಂಡ ತೆರಿಗೆ ಕ್ರೆಡಿಟ್ (ಕೊಳ್ಳುವಾಗ ಕಟ್ಟಿ, ನಮ್ಮ ತೆರಿಗೆಯಲ್ಲಿ ಕಳೆದುಕೊಂಡ ಹಣ) ವಾಪಸ್ ಕಟ್ಟಬೇಕು. ಆದ್ದರಿಂದ ಗೋಡೌನ್ ಖಾಲಿ ಮಾಡಿದ ಮೇಲೆಯೇ ರದ್ದಿಗೆ ಹೋಗಿ. ಪಾಲುದಾರಿಕೆ ಆದರೆ ವಿಸರ್ಜನಾ ಪತ್ರ ಬರೆದು, ಸಂಸ್ಥೆಗಳ ರಿಜಿಸ್ಟ್ರಾರ್‌ಗೆ ತಿಳಿಸಿ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಅದು ಆಗುವವರೆಗೆ ಒಬ್ಬ ಪಾಲುದಾರ ಮಾಡಿದ್ದಕ್ಕೆ ಇನ್ನೊಬ್ಬರೂ ಹೊಣೆಯಾಗಿಯೇ ಇರುತ್ತಾರೆ. ಆ ಪ್ರಕಟಣೆ ಬಂದ ದಿನ ಅಪ್ಪ ಪೇಪರ್ ಮಡಚಿ ದೇವರ ಮನೆಯಲ್ಲಿ ಇಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ಹೆಸರಿನ ಕಥೆ ಬೇರೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬ ವ್ಯಾಪಾರಿ ಬಂದರು. ನಮ್ಮ ಟ್ರೇಡ್‌ಮಾರ್ಕ್ ಬೇಕು, ಕವರ್ ಡಿಸೈನ್ ಬೇಕು, ಒಳ್ಳೆ ಬೆಲೆ ಕೊಡ್ತೀನಿ ಅಂದರು. ಪಾಕವಿಧಾನ ಬೇಕಾ ಅಂತ ಕೇಳಿದೆ, ಬೇಡ, ನಮ್ಮಲ್ಲಿ ಮಾಡುವವರು ಇದ್ದಾರೆ ಅಂದರು. ಜನ? ಬೇಡ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್‌ನಲ್ಲಿ ಇದನ್ನು ಹೇಳಿದಾಗ ಅವನು ಹೋಸ್ಟೆಸ್ ಕಂಪನಿಯ ವಿಷಯ ನೆನಪಿಸಿದ. ಟ್ವಿಂಕಿ ಅಂತ ಒಳಗೆ ಕೆನೆ ತುಂಬಿದ ಪುಟ್ಟ ಕೇಕ್ ಮಾಡುತ್ತಿದ್ದ, ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ಕಂಪನಿ. 2012ರ ನವೆಂಬರ್‌ನಲ್ಲಿ ಮುಷ್ಕರದ ನಡುವೆ ಮುಚ್ಚಿತು, ಸುಮಾರು 18,500 ಜನರ ಕೆಲಸ ಹೋಯ್ತು. ಕೆಲವೇ ತಿಂಗಳಲ್ಲಿ ಹೂಡಿಕೆದಾರರು ಆ ಕೇಕುಗಳ ಹೆಸರನ್ನೂ ಕೆಲವು ಕಾರ್ಖಾನೆಗಳನ್ನೂ 41 ಕೋಟಿ ಡಾಲರ್‌ಗೆ ಕೊಂಡರು. 2013ರ ಜುಲೈಗೆ ಟ್ವಿಂಕಿ ಮತ್ತೆ ಅಂಗಡಿಗೆ ಬಂತು, ಜನ ಸಂಭ್ರಮಪಟ್ಟರು. ಆದರೆ ಆ 18,500 ಜನರಲ್ಲಿ ಹೆಚ್ಚಿನವರು ಅದರ ಜೊತೆ ಬರಲಿಲ್ಲ.

ನನಗೆ ಮಾರಬೇಕು ಅನಿಸಿತ್ತು, ಅದನ್ನು ಮುಚ್ಚಿಡಲ್ಲ. ಬಾರದೆ ಹೋದ ಬಾಕಿಗೆ ಅದು ಸರಿಹೋಗುತ್ತಿತ್ತು. ಎಣ್ಣೆಯವರಿಗೆ ಇನ್ನೂ ಕೊಡಬೇಕಿತ್ತು. ಅಪ್ಪ ಒಪ್ಪಲಿಲ್ಲ. "ಅದೇ ಕವರ್ ನೋಡಿ ಆ ಮಧುಗಿರಿ ಅಜ್ಜಿ ತಗೊಂಡು ಮಕ್ಕಳಿಗೆ ಕೊಡ್ತಾಳೆ. ಒಳಗಿರೋದು ನಮ್ಮದಲ್ಲ ಅಂತ ಅವಳಿಗೆ ಹೇಳೋರು ಯಾರು?" ಅಂದರು. ಎಣ್ಣೆಯವರಿಗೆ ಆರು ಕಂತಿನಲ್ಲಿ ಕೊಟ್ಟೆವು. ಅವರು ಬಡ್ಡಿ ಕೇಳಲಿಲ್ಲ. ಹೆಸರು ಈಗಲೂ ನಮ್ಮಲ್ಲೇ ಇದೆ.

ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ, ಪ್ಯಾಕ್ ಮಾಡಿದ ಖಾರದ ತಿಂಡಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಎಷ್ಟೋ ವರ್ಷ ನಾವು ಕೇಳುತ್ತಿದ್ದದ್ದು ಇದನ್ನೇ. ಕವರ್ ಇಲ್ಲದೆ ಸಡಿಲಾಗಿ ಮಾರಿದರೆ ಶೇ 5, ಶುದ್ಧವಾಗಿ ಪ್ಯಾಕ್ ಮಾಡಿ ಹೆಸರು ಹಾಕಿದರೆ ಶೇ 12 ಅನ್ನೋದು ನಮಗೆ ಯಾವತ್ತೂ ಸರಿ ಕಂಡಿರಲಿಲ್ಲ. ಅವತ್ತು ಸಂಜೆ ಮೂರ್ನಾಲ್ಕು ಜನ ಫೋನ್ ಮಾಡಿ "ಆರು ತಿಂಗಳು ತಡೆದಿದ್ರೆ" ಅಂದರು. ನಾನು ಕೂತು ಲೆಕ್ಕ ಹಾಕಿದೆ. ಶೇ 7 ಉಳಿದರೂ ಎಣ್ಣೆಯ ವ್ಯತ್ಯಾಸ ಮುಚ್ಚುತ್ತಿರಲಿಲ್ಲ. ಆ ಆರು ತಿಂಗಳು ಓಡಿಯ ಬಡ್ಡಿ ಕಟ್ಟಿಕೊಂಡು ಬಂದಿದ್ದರೆ ಸೈಟಿನ ದುಡ್ಡು ಬ್ಯಾಂಕಿಗೆ ಹೋಗಿರುತ್ತಿತ್ತು. ಅಪ್ಪನಿಗೆ ಆ ಹಾಳೆ ತೋರಿಸಿದೆ. ಓದಿ ವಾಪಸ್ ಕೊಟ್ಟರು.

ಮಾಸ್ಟರ್ ಈಗ ತಮ್ಮ ಮನೆ ಹಿಂದೆ ಶೀಟ್ ಹಾಕಿಸಿ, ನಮ್ಮ ದೊಡ್ಡ ಬಾಣಲೆ ಇಟ್ಟುಕೊಂಡು, ಪ್ಯಾಕಿಂಗ್‌ನಲ್ಲಿದ್ದ ಇಬ್ಬರನ್ನು ಕರೆದುಕೊಂಡು ಕೋಡುಬಳೆ, ನಿಪ್ಪಟ್ಟು ಮಾಡುತ್ತಾರೆ. ಬಾಣಲೆಗೆ ಅಪ್ಪ ದುಡ್ಡು ತೆಗೆದುಕೊಳ್ಳಲಿಲ್ಲ. ಆಹಾರ ನೋಂದಣಿ ನಾನೇ ಮಾಡಿಸಿಕೊಟ್ಟೆ. ಆಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ ಇತ್ತು. ಮಂಡಿಪೇಟೆಯ ಎರಡು ಅಂಗಡಿಗೆ ಹಾಕುತ್ತಾರೆ, ಹೆಸರಿಲ್ಲದ ಬಿಳಿ ಕವರ್‌ನಲ್ಲಿ. ನಮ್ಮ ಹೆಸರು ಹಾಕಿಕೋ ಅಂತ ಅಪ್ಪ ಹೇಳಿದರಂತೆ. "ಮೊದ್ಲು ಒಂದು ವರ್ಷ ಮಾಡಿ ನೋಡ್ತೀನಿ ಯಜಮಾನ್ರೆ" ಅಂದರಂತೆ ಅವರು. ಹೋದ ಭಾನುವಾರ ಒಂದು ಕೆಜಿ ಕಳಿಸಿದ್ದರು. ಅಪ್ಪ ಒಂದು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, "ಓಮ ಸ್ವಲ್ಪ ಜಾಸ್ತಿ ಆಗಿದೆ, ಅವನಿಗೆ ಫೋನ್ ಹಾಕು" ಅಂದರು. ಹಾಕಿಕೊಟ್ಟೆ. ಮುಕ್ಕಾಲು ಗಂಟೆ ಇಬ್ಬರೂ ಹಿಟ್ಟು, ಎಣ್ಣೆ ಕಾವು ಅಂತ ಮಾತಾಡಿದರು.